ಸಮುದ್ರಕ್ಕೆ ಬೆನ್ನು ಮಾಡಿ ನಿಂತ ಅಪ್ಪ

ಕುಡ್ಲೆ ಬೀಚಿನ ಮರಳಿಗೆ ಇಳಿದದ್ದೇ ತಡ, ಅವ್ವ ಸೀರೆಯ ನಿರಿಗೆ ಎತ್ತಿ ಹಿಡಿದು ನೀರಿನ ಕಡೆ ಹೊರಟಳು. ಅರವತ್ತೈದು ವರ್ಷಕ್ಕೆ ಮೊದಲ ಸಲ ಸಮುದ್ರ ನೋಡುತ್ತಿದ್ದಳು. ಅಪ್ಪ ಮಾತ್ರ ಸಮುದ್ರಕ್ಕೆ ಬೆನ್ನು ಮಾಡಿ, ದಂಡೆಯ ಹಿಂದಿನ ಗುಡ್ಡದ ಹತ್ತಿರ ನಿಂತಿದ್ದ. ಕಾಲು ನೋಯುತ್ತಿರಬೇಕೆಂದು ನಾನು ಹತ್ತಿರ ಹೋದೆ. ಕಾಲು ನೋವಲ್ಲ. ಅಂಗೈ ಅಗಲಿಸಿ ಬಂಡೆಯ ಮೇಲಿಟ್ಟಿದ್ದ.

"ಯವ್ವಾ, ಇಲ್ಲಿ ಬಾ. ಇದು ನಮ್ಮ ಕಲ್ಲೇ ಅದ ನೋಡು."

ಹೌದು, ನಮ್ಮ ಕಲ್ಲೇ. ಕೆಂಪು, ಅಲ್ಲಲ್ಲಿ ಅರಿಶಿಣದ ಗೆರೆ, ಹುಳು ತಿಂದಂತೆ ತುಂಬಾ ತೂತು. ಅಪ್ಪ ಉಗುರಿನಿಂದ ಕೆರೆದ, ಹಳದಿ ಪುಡಿ ಉದುರಿತು. ಬೀದರಿನಲ್ಲಿ ಹುಟ್ಟಿದವರಿಗೆ ಈ ಕಲ್ಲನ್ನು ಯಾರೂ ಪರಿಚಯ ಮಾಡಿಕೊಡಬೇಕಿಲ್ಲ. ನಮ್ಮ ಊರು ಕೂತಿರುವುದೇ ಅದರ ಮೇಲೆ. ಕೋಟೆ ಸುತ್ತಲಿನ ಮೂರು ಸಾಲು ಕಂದಕವನ್ನು ಇದೇ ಕಲ್ಲಿನಲ್ಲಿ ಕಡಿದು ಇಳಿಸಿದ್ದಾರೆ. ಅಪ್ಪ ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದವನು. ವಯಸ್ಸಿದ್ದಾಗ ಬಾವಿ ತೋಡಲಿಕ್ಕೂ ಹೋಗುತ್ತಿದ್ದ. ಎಷ್ಟು ಮೊಳ ಕೆಂಗಲ್ಲು ಕಡಿದರೆ ಕರಿಕಲ್ಲು ಹತ್ತುತ್ತದೆ, ನೀರು ಎಲ್ಲಿ ಜಿನುಗುತ್ತದೆ ಎಂದು ಅವನ ಕೈಗೇ ಗೊತ್ತಿತ್ತು.

ತಮ್ಮನಿಗೆ ಕುಮಟಾಕ್ಕೆ ವರ್ಗವಾದದ್ದರಿಂದ ನಮಗೆ ಈ ಯೋಗ ಬಂತು. ಫೆಬ್ರವರಿಯಲ್ಲಿ ಹೊರಟೆವು. ಬೀದರಿನಿಂದ ರಾತ್ರಿಯೆಲ್ಲ ಬಸ್ಸು, ಹುಬ್ಬಳ್ಳಿಯಲ್ಲಿ ಚಹಾ, ಆಮೇಲೆ ಯಲ್ಲಾಪುರ ದಾಟಿ ಅರಬೈಲು ಘಾಟಿನ ತಿರುವು. ಅವ್ವ ಕಟ್ಟಿಕೊಂಡು ಬಂದ ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಚಟ್ನಿ. ಘಾಟ್ ಇಳಿಯುವಾಗ ಗಾಳಿ ಒದ್ದೆಯಾಯಿತು, ಕುಮಟಾ ಮುಟ್ಟುವ ಹೊತ್ತಿಗೆ ಖಡಕ್ ರೊಟ್ಟಿ ಮೆತ್ತಗಾಗಿತ್ತು. ಅವ್ವನಿಗೆ ಕರಾವಳಿಯ ಮೇಲೆ ಇದ್ದ ಒಂದೇ ತಕರಾರು ಅದು.

ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ ಮುಗಿಸಿಕೊಂಡು ಕುಡ್ಲೆಗೆ ಬಂದಿದ್ದೆವು. ಅಲ್ಲಿಂದ ಓಂ ಬೀಚಿಗೆ ಗುಡ್ಡದ ಮೇಲಿಂದ ಕಾಲುದಾರಿಯಿದೆ. ಅವ್ವ, ತಮ್ಮ ಆಟೋದಲ್ಲಿ ರಸ್ತೆ ಸುತ್ತಿಕೊಂಡು ಹೋದರು, ನಾನು ಅಪ್ಪ ನಡೆದೆವು. ಮೇಲೆ ಹತ್ತಿದ ಮೇಲೆ ನೆಲ ಹಪ್ಪಳದ ಹಾಗೆ ಚಪ್ಪಟೆ, ಒಣಗಿದ ಹುಲ್ಲು, ನಡುನಡುವೆ ಕೆಂಪು ಬೋಳು ಬಂಡೆ. ಎಡಗಡೆ ನೋಡಿದರೆ ಬೀದರಿನ ಬಯಲು, ಬಲಗಡೆ ನೋಡಿದರೆ ಅರಬ್ಬಿ ಸಮುದ್ರ. ಅಪ್ಪ ಆ ಬಂಡೆಯ ಮೇಲೆ ಎಪ್ಪತ್ತೊಂದು ವರ್ಷದವನ ಹಾಗೆ ನಡೆಯಲಿಲ್ಲ. ಅಂಚಿನಲ್ಲಿ ನಿಂತರೆ ಕೆಳಗೆ ಕಪ್ಪು ಬಂಡೆಗಳ ಮೇಲೆ ಅಲೆ ಒಡೆದು ಬೆಳ್ಳಗೆ ಹಾರುತ್ತಿತ್ತು. ಮುಂದೆ ದಂಡೆ ಎರಡು ಬಿಲ್ಲುಗಳಾಗಿ ಬಾಗಿ, ನಡುವೆ ಕಲ್ಲಿನ ಮೂತಿಯೊಂದು ನೀರಿಗೆ ಚಾಚಿತ್ತು. ಓಂ ಎಂಬ ಹೆಸರು ಯಾಕೆ ಬಂತೆಂದು ಮೇಲಿನಿಂದ ನೋಡಿದರೇ ತಿಳಿಯುವುದು. ಆ ಕಲ್ಲಿನ ಮೇಲೆ ಹುಡುಗರ ಗುಂಪೊಂದು ಫೋಟೋಕ್ಕಾಗಿ ಹತ್ತಿತ್ತು, ಜೀವರಕ್ಷಕ ಸೀಟಿ ಊದಿ ಊದಿ ಸುಸ್ತಾಗಿದ್ದ. ಅಲೆ ಬಡಿಯುವ ಬಂಡೆ ಪಾಚಿಯಿಂದ ಜಾರುತ್ತದೆ, ಬಿದ್ದವರನ್ನು ನೀರು ಮತ್ತೆ ಅದೇ ಕಲ್ಲಿಗೆ ಬಡಿಯುತ್ತದೆ. ನಮ್ಮ ಬಯಲುಸೀಮೆಯಿಂದ ಹೋಗುವವರಿಗೆ ನಾನು ಕೈಮುಗಿದು ಹೇಳುವುದು ಇಷ್ಟೇ: ಸೀಟಿ ಕೇಳಿದರೆ ಇಳಿದುಬಿಡಿ.

ಮುಂದಿನ ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ದೋಣಿಯಿತ್ತು. ಅವ್ವ ದೋಣಿ ಒಲ್ಲೆನೆಂದಳು, ಬಿಟ್ಟೆವು.

ಸಂಜೆ ಗೋಕರ್ಣಕ್ಕೆ ಮರಳಿ ಬಂದಾಗ ಅಪ್ಪ ಮೊದಲ ಸಲ ಸಮುದ್ರಕ್ಕಿಳಿದ. ಒಂದು ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿ ಮುಖ ಕಿವುಚಿದ. ಊರ ಬೀಚಿನ ತೆಂಕಣ ತುದಿಯಲ್ಲಿ ರಾಮಮಂದಿರವಿದೆ, ಅಲ್ಲೇ ರಾಮತೀರ್ಥ. ಮೆಟ್ಟಿಲ ಹತ್ತಿರ ಗುಡ್ಡದೊಳಗಿಂದ ನೀರು ಬಂದು ಧಾರೆಯಾಗಿ ಬೀಳುತ್ತದೆ. ಅಪ್ಪ ಚಪ್ಪಲಿ ಕಳಚಿಟ್ಟು ಬೊಗಸೆಯೊಡ್ಡಿ ಕುಡಿದ. ಒಂದು ಬೊಗಸೆ, ಇನ್ನೊಂದು, ಮತ್ತೊಂದು. ಗಡ್ಡದಿಂದ ನೀರಿಳಿದು ಅಂಗಿ ತೊಯ್ದಿತು.

"ಸಿಹಿ ಅದ, ಯವ್ವಾ. ನಮ್ಮ ಝರಣಿ ನೀರು ಇದ್ದಂಗೇ ಅದ."

ನಿಂತಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಅಷ್ಟು ದೊಡ್ಡ ಉಪ್ಪುನೀರು, ಇಲ್ಲಿ ಈ ತಂಪು ಸಿಹಿ. ನನಗೆ ಮೈ ಜುಂ ಎಂದಿತು. ಅಪ್ಪನಿಗೆ ಆಶ್ಚರ್ಯವೇ ಆಗಲಿಲ್ಲ, ಗುಡ್ಡದ ಬುಡವನ್ನು ಬೆರಳಿನಿಂದ ಗೆರೆ ಎಳೆದಂತೆ ತೋರಿಸಿದ. "ಮ್ಯಾಲಿನ ಕೆಂಗಲ್ಲು ಮಳಿ ನೀರು ಕುಡೀತದ. ಕೆಳಗಿನ ಗಟ್ಟಿ ಕಲ್ಲು ಒಳಗ ಬಿಡಂಗಿಲ್ಲ. ಹಿಂಗಾಗಿ ನೀರು ಅಡ್ಡ ಹರದು ಎಲ್ಲೋ ಒಂದು ಕಡಿ ಹೊರಗ ಬರಲೇಬೇಕು. ನಮ್ಮ ಸುರಂಗ ಬಾವಿ ತೋಡಿದವರು ಹುಡುಕಿದ್ದೂ ಇದನ್ನೇ."

ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರು, ನಾನಕ್ ಝೀರಾದ ಧಾರೆ, ಪಾಪನಾಶದ ಬುಗ್ಗೆ, ಎಲ್ಲಕ್ಕೂ ಇದೇ ಕಾರಣ. ಕೆಂಗಲ್ಲಿನ ಕೆಳಗೆ ನಮ್ಮಲ್ಲಿ ಕರಿಕಲ್ಲಿನ ಹಾಸು ಇದೆ, ಇವೆರಡೂ ಕೂಡುವಲ್ಲಿ ನೀರು. ಬಹಮನಿ ಕಾಲದಲ್ಲಿ ಪರ್ಷಿಯಾದ ವಿದ್ಯೆ ತಂದು ನೌಬಾದಿನಲ್ಲಿ ನೆಲದಡಿ ಸುರಂಗ ಕೊರೆದು, ಗಾಳಿ ಬೆಳಕಿಗೆಂದು ಸಾಲಾಗಿ ಬಾವಿ ಇಳಿಸಿದರು. ನಾನು ಚಿಕ್ಕವಳಿದ್ದಾಗ ಆ ಬಾವಿಗಳಲ್ಲಿ ಕಸ ತುಂಬಿತ್ತು. ಆಮೇಲೆ ಹೂಳು ತೆಗೆಸುವಾಗ ಅಪ್ಪ ದಿನಾ ಹೋಗಿ ನೋಡಿ ಬರುತ್ತಿದ್ದ. ಅದಕ್ಕೇ ಇರಬೇಕು, ರಾಮತೀರ್ಥದ ಕಟ್ಟೆಯ ಮೇಲೆ ಬಿದ್ದಿದ್ದ ಶಾಂಪೂ ಚೀಟಿಗಳನ್ನು ಅವನು ಒಂದೊಂದಾಗಿ ಹೆಕ್ಕಿ ಕಿಸೆಗೆ ಹಾಕಿಕೊಂಡ. ನನಗೂ ಸುಮ್ಮನೆ ನಿಲ್ಲಲಾಗಲಿಲ್ಲ.

ರಾತ್ರಿ ತಮ್ಮನ ಮನೆಯಲ್ಲಿ ಮುರುಗಲ ಸಾರು, ಕುಚ್ಚಲಕ್ಕಿ ಅನ್ನ. ಉಂಡಾದ ಮೇಲೆ ಅಪ್ಪನ ಕಲ್ಲಿನ ಬಗ್ಗೆ ಹುಡುಕಿ ಓದಿದೆ. ಲ್ಯಾಟರೈಟ್ ಎಂಬ ಹೆಸರನ್ನು ಇದಕ್ಕೆ ಕೊಟ್ಟವನು ಫ್ರಾನ್ಸಿಸ್ ಬುಕಾನನ್, ಕೇರಳದ ಅಂಗಾಡಿಪುರಂನಲ್ಲಿ ಇದನ್ನು ಕಡಿಯುವುದು ನೋಡಿ. ಪುಸ್ತಕ ಅಚ್ಚಾದದ್ದು 1807ರಲ್ಲಿ. ಲ್ಯಾಟಿನ್ನಿನಲ್ಲಿ ಆ ಮಾತಿಗೆ ಇಟ್ಟಿಗೆ ಎಂದರ್ಥವಂತೆ. ನೆಲದಲ್ಲಿದ್ದಾಗ ಮೆತ್ತಗಿದ್ದು, ಕಡಿದು ಗಾಳಿಗಿಟ್ಟ ಮೇಲೆ ಗಟ್ಟಿಯಾಗುತ್ತದೆ ಎಂಬುದನ್ನು ಅವನೂ ಬರೆದಿದ್ದಾನೆ. ಅಪ್ಪನಿಗೆ ಓದಿ ಹೇಳಿದೆ. "ಹೌದು ಮತ್ತ" ಎಂದ. ಭಾರಿ ಮಳೆ ಬೀಳುತ್ತ ಬೀಳುತ್ತ ಕಲ್ಲಿನ ಸಾರವೆಲ್ಲ ತೊಳೆದುಹೋಗಿ, ಕಬ್ಬಿಣ, ಅಲ್ಯೂಮಿನಿಯಂ ಉಳಿದು ಈ ಕಲ್ಲಾಗುತ್ತದೆ. ಈ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ, ಸರಿ. ನಮ್ಮ ಬೀದರಿನಲ್ಲಿ ಅದರ ಮೂರನೇ ಒಂದು ಪಾಲೂ ಇಲ್ಲ. ಹಾಗಾದರೆ ನಮ್ಮ ನೆಲವೂ ಒಂದಾನೊಂದು ಕಾಲಕ್ಕೆ ಇಂಥದೇ ಮಳೆ ಕಂಡಿದೆ! ನೀರಿಗಾಗಿ ಕೊಡ ಹಿಡಿದು ಸಾಲು ನಿಂತು ಬೆಳೆದ ನನಗೆ ಇದನ್ನೋದಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಮರುದಿನ ಯಾಣಕ್ಕೆ ಹೋದೆವು. ಕಾಡಿನ ನಡುವೆ 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, ಪಕ್ಕದಲ್ಲಿ 90 ಮೀಟರಿನ ಮೋಹಿನಿ ಶಿಖರ, ಸುಣ್ಣಕಲ್ಲು ಕಪ್ಪಗೆ ಮೊನಚಾಗಿ ಎದ್ದು ನಿಂತಿದೆ. ಅಪ್ಪ ತಲೆಯೆತ್ತಿ ನೋಡಿ, "ಇದು ಕಡಿಯೋ ಕಲ್ಲಲ್ಲ, ಕೈ ಮುಗಿಯೋ ಕಲ್ಲು" ಎಂದು ಮುಂದೆ ನಡೆದ.

ಅವನಿಗೆ ಬೇಕಾದದ್ದು ಸಿಕ್ಕಿದ್ದು ಮಿರ್ಜಾನ್ ಕೋಟೆಯಲ್ಲಿ. ಅಘನಾಶಿನಿ ನದಿಯ ಹತ್ತಿರ, ಹೆದ್ದಾರಿಯಿಂದ ಒಂದಿಷ್ಟು ಒಳಗಿದೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಸೇರಿಕೊಂಡ ಕೋಟೆ. ಮೆಣಸು ಇಲ್ಲಿಂದಲೇ ಹಡಗು ಹತ್ತುತ್ತಿತ್ತು. ಇಡೀ ಕೋಟೆ ಕೆಂಗಲ್ಲಿನದು, ಈಗ ಹಸಿರು ಪಾಚಿ ಹೊದ್ದುಕೊಂಡಿದೆ. ಇಲ್ಲಿನವರು ಈ ಕಲ್ಲಿಗೆ ಚಿರೆಕಲ್ಲು ಎನ್ನುತ್ತಾರೆ. ಗೋಡೆಯೊಂದರಲ್ಲಿ ಪಾಚಿ ಉದುರಿದ ಕಡೆ ಓರೆಯಾಗಿ ಸಾಲು ಗೀರುಗಳಿದ್ದವು. ಅಪ್ಪ ಗೀರಿನೊಳಗೆ ಬೆರಳಿಟ್ಟು ಎಳೆದ. "ಎಡಗೈಯವ ಕಡದಾನ ನೋಡು ಇದನ್ನ. ಏಟು ಈ ಕಡಿಯಿಂದ ಬಿದ್ದದ." ಅಲ್ಲಿ ಕಸ ಗುಡಿಸುತ್ತಿದ್ದ ಹಿರಿಯರೊಬ್ಬರು ಪೊರಕೆ ಬಿಟ್ಟು ಹತ್ತಿರ ಬಂದರು. ಅವರೂ ಚಿರೆಕಲ್ಲು ಕಡಿದವರಂತೆ. ಆಮೇಲೆ ಅರ್ಧ ತಾಸು ಇಬ್ಬರೂ ಕೋಟೆಯೊಳಗಿನ ಬಾವಿಯ ಕಟ್ಟೆಗೆ ಕೂತು, ಕೈಯನ್ನೇ ಪಿಕಾಸಿ ಮಾಡಿಕೊಂಡು, ಎಲ್ಲಿ ಹೊಡೆದರೆ ಕಲ್ಲು ಸೀಳುವುದಿಲ್ಲ ಎಂದು ಮಾತಾಡಿದರು. ನಮ್ಮ ಮಾತು ಅವರಿಗೆ, ಅವರ ಮಾತು ನಮಗೆ ಅರ್ಧಂಬರ್ಧ. ಏಳುವಾಗ ಅಪ್ಪ "ನಮ್ಮೂರ ಕಡಿ ಬರ್ರಿ, ಕೋಟಿ ತೋರಸ್ತೀನಿ" ಎಂದ. ಅವರು "ಅಡ್ಡಿಲ್ಲ, ನೋಡ್ವ" ಎಂದು ನಕ್ಕರು.

ಬೀದರಿಗೆ ಬಂದ ಮೇಲೆ ಓಣಿಯವರು ಒಬ್ಬೊಬ್ಬರಾಗಿ ಕೇಳಲಿಕ್ಕೆ ಬಂದರು. ಅವ್ವ ಅಲೆಯ ಎತ್ತರ ಹೇಳುವಾಗ ಎರಡೂ ಕೈ ತಲೆ ಮೇಲೆ ಎತ್ತುತ್ತಾಳೆ. ಅಪ್ಪನನ್ನು ಪಕ್ಕದ ಮನೆಯ ಕಾಕಾ, "ಸಮುದ್ರ ಹ್ಯಾಂಗಿತ್ತೋ?" ಎಂದು ಕೇಳಿದರು.

"ಸಮುದ್ರದ ದಂಡಿ ಮ್ಯಾಲ ಒಂದು ಝರಾ ಅದ," ಎಂದು ಅಪ್ಪ ಶುರು ಮಾಡಿದ.