ಶುಕ್ರವಾರ ಹನ್ನೊಂದೂವರೆಯ ಪ್ರಬಂಧ

ಆ ಹಾಳೆ ಇನ್ನೂ ನನ್ನ ಫೈಲಿನಲ್ಲಿದೆ. ಮೇಲೆ ತಾರೀಖು, ಕೆಳಗೆ ‘ನಾನು ಕಂಡ ಮಾರುಕಟ್ಟೆ’ ಎಂಬ ತಲೆಬರಹ, ಮೊದಲ ಸಾಲಿನಲ್ಲಿ ರಬ್ಬರ್ ತಿಕ್ಕಿ ತಿಕ್ಕಿ ತೆಳುವಾದ ಒಂದು ಜಾಗ. ಅಷ್ಟೇ.

ಕೋಲಾರದಲ್ಲಿ ಮಕ್ಕಳನ್ನು ಮನೆಯಲ್ಲೇ ಓದಿಸುವ ಮೂರು ಕುಟುಂಬಗಳಿಗೆ ವಾರದ ಟೈಮ್‌ಟೇಬಲ್ ಹಾಕಿಕೊಟ್ಟು, ಕನ್ನಡ ಬರವಣಿಗೆಯನ್ನು ನಾನೇ ಹೋಗಿ ಕಲಿಸುತ್ತೇನೆ. ಆ ಹಾಳೆ ಬರೆದ ಹುಡುಗನಿಗೆ ಹತ್ತು ವರ್ಷ. ಶಾಲೆಗೆ ಹೋಗದೆಯೂ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಎನ್‌ಐಒಎಸ್‌ನ ಮೂಲ ಶಿಕ್ಷಣ (ಒಬಿಇ) ಪರೀಕ್ಷೆಯ ‘ಬಿ’ ಹಂತ, ಅಂದರೆ ಐದನೇ ತರಗತಿಗೆ ಸಮನಾದದ್ದು, ಕಟ್ಟಿಸಬೇಕೆಂದು ಅವರಪ್ಪನ ಆಸೆ. ಅದಕ್ಕೇ ವಾರಕ್ಕೆ ಐದು ಪೀರಿಯಡ್ ಬರವಣಿಗೆ ಬೇಕೆಂದು ಪಟ್ಟು ಹಿಡಿದರು, ನಾನೂ ಒಪ್ಪಿದೆ. ಸೋಮವಾರ ಕಾಪಿ, ಮಂಗಳವಾರ ಉಕ್ತಲೇಖನ, ಬುಧವಾರ ವ್ಯಾಕರಣ, ಗುರುವಾರ ಪತ್ರಲೇಖನ. ಶುಕ್ರವಾರ ಗಣಿತ, ಇಂಗ್ಲಿಷ್ ಮುಗಿಸಿ ಹನ್ನೊಂದೂವರೆಗೆ ಪ್ರಬಂಧ: ಕರಡು, ತಿದ್ದುಪಡಿ, ಫೇರ್ ಕಾಪಿ, ಎಲ್ಲ ಒಂದೇ ಗಂಟೆಯಲ್ಲಿ. ಪ್ಲಾನರ್ ಆ್ಯಪ್‌ನಲ್ಲಿ ಪೀರಿಯಡ್ ಮುಗಿದರೆ ಹಸಿರು ಟಿಕ್ ಬೀಳುತ್ತದೆ. ಅರ್ಧ ಆಯಿತು ಎನ್ನಲು ಅದರಲ್ಲಿ ಜಾಗವೇ ಇಲ್ಲ. ಪೋಷಕರು ಶನಿವಾರ ನೋಡುವುದು ಆ ಟಿಕ್‌ಗಳನ್ನೇ. ಈ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಆ ಶುಕ್ರವಾರ ಅವರಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಹತ್ತು ನಿಮಿಷ ಹೋಯಿತು, ಇಪ್ಪತ್ತಾಯಿತು. ಹುಡುಗ ಬರೆಯುತ್ತಾನೆ, ಅಳಿಸುತ್ತಾನೆ, ಕಿಟಕಿ ನೋಡುತ್ತಾನೆ. ಅಪ್ಪ ಗಡಿಯಾರ ನೋಡುತ್ತಾರೆ, ನಾನು ಅಪ್ಪನ ಮುಖ ನೋಡುತ್ತೇನೆ. ಹಾಳೆಯನ್ನು ನಾನು ಸರಿಯಾಗಿ ನೋಡಲೇ ಇಲ್ಲ.

“ನಿನ್ನೆ ತಾನೆ ತಾತನ ಜೊತೆ ಎಪಿಎಂಸಿಗೆ ಹೋಗಿದ್ದೆಯಲ್ಲೋ, ಕಂಡಿದ್ದು ಬರೆಯೋಕೇನು ಕಷ್ಟ?” ದನಿ ಏರಿತ್ತು ನನ್ನದು. ಅವನು ಪೆನ್ಸಿಲ್ ಕೆಳಗಿಟ್ಟು ಎರಡೂ ಕೈ ತೊಡೆಯಡಿಗೆ ಸೇರಿಸಿಕೊಂಡ.

“ಹಟಮಾರಿ ಮೇಡಂ ಇವನು, ನಾಲ್ಕು ಬಿಟ್ರೆ ಸರಿಹೋಗ್ತಾನೆ,” ಎಂದರು ಅಪ್ಪ. ನಾನು ಹೌದೆನ್ನಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಹಾಗೆ ಸುಮ್ಮನಿದ್ದದ್ದು ಈಗಲೂ ಚುಚ್ಚುತ್ತದೆ.

ಹೊರಟು ಚಪ್ಪಲಿ ಮೆಟ್ಟುವಾಗ ಅಡುಗೆಮನೆಯಿಂದ ಅವನ ದನಿ ಕೇಳಿತು. ಅಜ್ಜಿಗೆ ತೆಲುಗಿನಲ್ಲಿ ಮಾರುಕಟ್ಟೆಯ ಕಥೆ ಹೇಳುತ್ತಿದ್ದ. ಟೊಮೆಟೊ ಬಾಕ್ಸ್ ಇಳಿಸಿದ್ದು, ಮಂಡಿಯವರು ಸಾಲಿನುದ್ದಕ್ಕೂ ರೇಟು ಕೂಗುತ್ತ ಓಡಿದ್ದು, 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸ್ ಎರಡು ಸಾವಿರ ದಾಟಿದಾಗ ತಾತ ರಾತ್ರಿಯೆಲ್ಲ ತೋಟದಲ್ಲಿ ಕಾವಲು ಮಲಗಿದ್ದು. ಮೂರು ಪುಟಕ್ಕಾಗುವ ಸರಕು ಅವನಲ್ಲಿತ್ತು.

ಒಳಗೆ ವಾಪಸ್ ಹೋಗಿ ಹಾಳೆಯನ್ನು ಬೆಳಕಿಗೆ ಹಿಡಿದೆ. ಅಳಿಸಿದ ಜಾಗದಲ್ಲಿ ‘ಅರಾಜು’ ಎಂದಿತ್ತು. ನಮ್ಮ ಕಡೆ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಹಿಂದಿನ ವಾರ ಅವನ ‘ಅಳ್ಳಿ’ಗೆ ಕೆಂಪು ಸುತ್ತು ಹಾಕಿದ್ದವಳು ನಾನೇ. “ಮಿಸ್, ಅದು ಅ ನಾ, ಹ ನಾ?” ಎಂದು ಕೇಳಿದ. ನಲವತ್ತು ನಿಮಿಷ ಅವನು ಆ ಒಂದು ಅಕ್ಷರದಲ್ಲಿ ಸಿಕ್ಕಿಕೊಂಡಿದ್ದ. ವಿಷಯ ಹುಡುಕುವುದು, ತೆಲುಗಿನಿಂದ ಕನ್ನಡಕ್ಕೆ ತರುವುದು, ಕಾಗುಣಿತ ತಪ್ಪದಂತೆ ಬರೆಯುವುದು: ಮೂರನ್ನೂ ಒಟ್ಟಿಗೆ ಅವನ ತಲೆಯ ಮೇಲೆ ಹೇರಿದ್ದೆ.

ಅಪ್ಪನ ಜೊತೆ ವಾದ ಮಾಡಿ ಐದನ್ನು ನಾಲ್ಕಕ್ಕಿಳಿಸಿದೆ. ಈಗ ಸೋಮವಾರ ಹೇಳುವುದಷ್ಟೇ, ತೆಲುಗಾದರೂ ಸರಿ, ಕನ್ನಡವಾದರೂ ಸರಿ. ಅವನ ಕಥೆಯಲ್ಲಿ ಬಂದ ಹರಾಜು, ತಕ್ಕಡಿ, ದಲ್ಲಾಳಿ ಇಂಥ ಪದಗಳನ್ನು ಚೀಟಿಯಲ್ಲಿ ಗುರುತು ಮಾಡಿಕೊಳ್ಳುತ್ತೇನೆ, ಮಂಗಳವಾರದ ಉಕ್ತಲೇಖನ ಅವೇ. ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ, ಗಣಿತಕ್ಕೂ ಮೊದಲು, ಕರಡು. ಕೆಂಪು ಪೆನ್ನು ಬ್ಯಾಗಿನಿಂದ ಹೊರಗೆ ಬರುವುದಿಲ್ಲ. ಗುರುವಾರ ಪುಸ್ತಕ ಮುಚ್ಚಿರಬೇಕು. ಇದಕ್ಕೇ ಅಪ್ಪ ಹೆಚ್ಚು ಜಗಳವಾಡಿದ್ದು, ನಾನು ಬಿಟ್ಟುಕೊಡದಿದ್ದದ್ದೂ ಇದನ್ನೇ. ಬರೆದ ದಿನವೇ ಓದಿಸಿದರೆ ಮಗು ತನ್ನ ಮನಸ್ಸಿನಲ್ಲಿದ್ದದ್ದನ್ನು ಓದುತ್ತದೆ, ಹಾಳೆಯಲ್ಲಿರುವುದನ್ನಲ್ಲ. ಶುಕ್ರವಾರ ಅವನೇ ಗಟ್ಟಿಯಾಗಿ ಓದಿ ತಿದ್ದುತ್ತಾನೆ, ನಾನು ಒಂದೇ ಬಗೆಯ ತಪ್ಪು ಎತ್ತಿ ತೋರಿಸುತ್ತೇನೆ. ಫೇರ್ ಕಾಪಿ ಹದಿನೈದು ದಿನಕ್ಕೊಮ್ಮೆ. ಶನಿವಾರ ಪೋಷಕರಿಗೆ ಟಿಕ್ ಬದಲು ಕರಡು, ತಿದ್ದಿದ ಹಾಳೆ ಎರಡನ್ನೂ ಪಿನ್ ಹಾಕಿ ಕೊಡುತ್ತೇನೆ.

ಮೊನ್ನೆಯ ಕರಡಿನಲ್ಲಿ ‘ಅಣ್ಣು’ ಎಂದಿತ್ತು. ಓದುತ್ತ ಓದುತ್ತ ತಾನೇ ನಿಂತು, “ಇಲ್ಲಿ ಹ ಬರುತ್ತೆ ಅಲ್ವಾ ಮಿಸ್,” ಎಂದ. ಪತ್ರಲೇಖನಕ್ಕೆ ಮಾತ್ರ ವಾರದಲ್ಲಿ ಇನ್ನೂ ಜಾಗ ಸಿಕ್ಕಿಲ್ಲ.