ವಿಚರ್ 3: ಕಥೆಯ ಧೈರ್ಯ, ಕಾಳಗದ ಹಿಂಜರಿಕೆ

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ 2015ರ ಮೇ ತಿಂಗಳಲ್ಲಿ ಹೊರತಂದ ‘ದಿ ವಿಚರ್ 3: ವೈಲ್ಡ್ ಹಂಟ್’ ನಾನು ಬಹಳವಾಗಿ ಮೆಚ್ಚುವ ವಿಡಿಯೋ ಆಟ. ಆದರೂ ಅದರ ಬರವಣಿಗೆಯಲ್ಲಿ ಕಾಣುವ ಧೈರ್ಯ ಕಾಳಗದಲ್ಲಾಗಲಿ, ನಾಯಕನ ಬಲವನ್ನು ಅಳೆಯುವ ಲೆವೆಲ್‌ಗಳ ಲೆಕ್ಕಾಚಾರದಲ್ಲಾಗಲಿ ಕಾಣುವುದಿಲ್ಲ ಎಂಬುದನ್ನು ಮರೆಮಾಚಿ ಅದನ್ನು ಹೊಗಳಲು ನನಗೆ ಮನಸ್ಸಿಲ್ಲ.

ಯುದ್ಧದಿಂದ ಹಾಳುಬಿದ್ದ ವೆಲೆನ್ ಎಂಬ ಜೌಗುನಾಡಿಗೆ ಸಾಕುಮಗಳು ಸಿರಿಯನ್ನು ಹುಡುಕುತ್ತ ಬರುವ ಕಥಾನಾಯಕ ಗೆರಾಲ್ಟ್‌ಗೆ (ಇವನು ‘ವಿಚರ್’, ಅಂದರೆ ಹಣ ಪಡೆದು ವಿಕಾರ ಜೀವಿಗಳನ್ನು ಬೇಟೆಯಾಡುವವನು), ಅಲ್ಲಿನ ಒಡೆಯ ‘ಬ್ಲಡಿ ಬ್ಯಾರನ್’ ತನ್ನ ಕಾಣೆಯಾದ ಹೆಂಡತಿ ಮಗಳನ್ನು ಪತ್ತೆಮಾಡಿಕೊಟ್ಟರೆ ಮಾತ್ರ ಸುಳಿವು ಕೊಡುವುದಾಗಿ ಹೇಳುತ್ತಾನೆ. ಕುಡಿದು ಹೆಂಡತಿಯನ್ನು ಹೊಡೆಯುತ್ತಿದ್ದವನು ಆತ. ಆ ದಂಪತಿಯ ಗರ್ಭಪಾತವಾದ ಕೂಸು ಸರಿಯಾದ ಸಂಸ್ಕಾರವಿಲ್ಲದೆ ಪಿಶಾಚಿಯಾಗಿದೆ. ಅದನ್ನು ಕತ್ತಿಯಿಂದ ಮುಗಿಸಬಹುದು. ಇಲ್ಲವೇ ತಂದೆಯೇ ಆ ವಿಕಾರ ಜೀವವನ್ನು ಎದೆಗವಚಿಕೊಂಡು ರಾತ್ರಿಯಲ್ಲಿ ಮನೆಯವರೆಗೆ ನಡೆದು, ಹೆಸರಿಟ್ಟು, ಹೊಸ್ತಿಲಡಿಯಲ್ಲಿ ಹೂಳುವಂತೆ ಮಾಡಬಹುದು. ದಾರಿಯಲ್ಲಿ ಅದು ಕೆರಳಿದಾಗಲೆಲ್ಲ ಗೆರಾಲ್ಟ್ ಮಂತ್ರದಿಂದ ಅದನ್ನು ಸಮಾಧಾನಪಡಿಸಬೇಕಾಗುತ್ತದೆ. ಹೆಂಡತಿಯನ್ನು ಹೊಡೆದವನ ಬಗ್ಗೆ ಮರುಕ ಹುಟ್ಟಿಸುತ್ತಲೇ ಅವನ ತಪ್ಪನ್ನು ಒಂದಿಷ್ಟೂ ಹಗುರಗೊಳಿಸದ ಈ ಭಾಗಕ್ಕೆ ಸಮನಾದುದನ್ನು ನಾನು ಬೇರೆ ಆಟಗಳಲ್ಲಿ ಕಂಡಿಲ್ಲ.

ಇದೇ ನಾಡಿನಲ್ಲಿ ಮರವೊಂದರಡಿ ಸೆರೆಯಾಗಿರುವ ಆತ್ಮವನ್ನು ಬಿಡಿಸಿದರೆ ಜೌಗಿನ ಅನಾಥ ಮಕ್ಕಳು ಬದುಕುತ್ತಾರೆ, ಆದರೆ ಬ್ಯಾರನ್‌ನ ಹೆಂಡತಿ ಸಾಯುತ್ತಾಳೆ, ಆತ ನೇಣು ಹಾಕಿಕೊಳ್ಳುತ್ತಾನೆ. ಆತ್ಮವನ್ನು ಕೊಂದರೆ ಮಕ್ಕಳು ಇಲ್ಲವಾಗುತ್ತಾರೆ. ಪರಿಣಾಮ ಕೂಡಲೇ ಎದುರಾಗದ ಕಾರಣ, ಮೊದಲೇ ಉಳಿಸಿಟ್ಟ ಆಟದ ಹಂತಕ್ಕೆ (ಸೇವ್) ಮರಳಿ ಉತ್ತರ ತಿದ್ದಿಕೊಳ್ಳುವ ಅಭ್ಯಾಸ ಇಲ್ಲಿ ಸುಲಭವಾಗಿ ಸಾಗುವುದಿಲ್ಲ.

ಇಷ್ಟು ಸೂಕ್ಷ್ಮವಾಗಿ ಯೋಚಿಸಿದವರು ಕಾಳಗವನ್ನು ಇಷ್ಟು ಸರಳವಾಗಿ ಬಿಟ್ಟದ್ದೇಕೆ ಎಂಬ ಕೊರಗು ನನ್ನದು. ಕ್ವೆನ್ ಎಂಬ ರಕ್ಷಾಮಂತ್ರ ಹಾಕಿಕೊಂಡು, ಪಕ್ಕಕ್ಕೆ ಜಿಗಿದು, ಎರಡೇಟು ಹೊಡೆಯುವ ಕ್ರಮ ಒಮ್ಮೆ ಕೈಗೆ ಹತ್ತಿತೆಂದರೆ ಸಾಮಾನ್ಯ ಕಷ್ಟದ ಮಟ್ಟದಲ್ಲಿ ಬಹುತೇಕ ಹೋರಾಟಗಳನ್ನು ಅದರಿಂದಲೇ ಮುಗಿಸಬಹುದು. ಒಂದೊಂದು ಪ್ರಾಣಿಗೂ ಬೇರೆಬೇರೆ ಎಣ್ಣೆ, ಕಷಾಯಗಳನ್ನು ಸೂಚಿಸುವ ಟಿಪ್ಪಣಿಗಳು ಓದಲು ಸೊಗಸಾಗಿವೆ, ಆದರೆ ಅವುಗಳ ಅಗತ್ಯ ಅಪರೂಪವಾಗಿ ಬೀಳುತ್ತದೆ. ಕಷ್ಟಪಟ್ಟು ಗಳಿಸಿದ ಹೆಸರಾಂತ ಕತ್ತಿ ಕೆಲವೇ ಲೆವೆಲ್‌ಗಳಲ್ಲಿ ಯಾವುದೋ ಪೆಟ್ಟಿಗೆಯಲ್ಲಿ ಸಿಕ್ಕ ಸಾಧಾರಣ ಕತ್ತಿಗಿಂತ ಕೀಳಾಗುವುದಂತೂ ಕಥೆಗೇ ಮಾಡಿದ ಅನ್ಯಾಯ. ಸ್ಕೆಲ್ಲಿಗೆ ದ್ವೀಪಗಳ ಸುತ್ತಲ ಸಮುದ್ರದಲ್ಲಿ ಮ್ಯಾಪ್ ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ಹೋಗಿ ನೋಡಿದರೆ ತೇಲುವ ಪೀಪಾಯಿಗಳು, ಮೇಲಿಂದ ಎರಗುವ ಸೈರನ್ ಎಂಬ ರೆಕ್ಕೆಯ ಜೀವಿಗಳು, ಮತ್ತೆ ಅದೇ ಪೀಪಾಯಿಗಳು. ಅವನ್ನು ಬಿಟ್ಟುಬಿಡಿ ಎಂದೇ ನನ್ನ ಸಲಹೆ.

ಮುಖ್ಯ ಖಳನಾಯಕ ಎರೆಡಿನ್ ಕೂಡ ಬ್ಯಾರನ್‌ನ ಪಕ್ಕದಲ್ಲಿ ತೀರ ತೆಳುವಾಗಿ ಕಾಣುತ್ತಾನೆ. ಆ ಕೊರತೆಯನ್ನು ತುಂಬಿಕೊಟ್ಟದ್ದು 2015ರ ಅಕ್ಟೋಬರಿನಲ್ಲಿ ಬಂದ ‘ಹಾರ್ಟ್ಸ್ ಆಫ್ ಸ್ಟೋನ್’ ಎಂಬ ಆಟದ ವಿಸ್ತರಣೆ, ಅಂದರೆ ಹೆಚ್ಚುವರಿ ಕಥಾಭಾಗ. ಅದರ ಗಾಂಟರ್ ಓ’ಡಿಮ್ ನಗುನಗುತ್ತಲೇ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುವ ಸಾಮಾನ್ಯ ಕನ್ನಡಿ ವ್ಯಾಪಾರಿಯಂತೆ ಕಾಣುವವನು. ಅವನಿಗೆ ಸವಾಲೊಡ್ಡಿದರೆ ಕತ್ತಿ ಕೆಲಸಕ್ಕೆ ಬರುವುದಿಲ್ಲ, ಅವನ ಒಗಟನ್ನೇ ಬಿಡಿಸಬೇಕು. ಮೂಲ ಆಟದ ಕೊನೆಯ ಕಾಳಗಕ್ಕಿಂತ ಆ ಒಗಟಿನ ಹುಡುಕಾಟವೇ ನನ್ನನ್ನು ಹೆಚ್ಚು ಬೆವರಿಸಿತು.