ಬೈತಖೋಲದಲ್ಲಿ ನಂಗಿನ ಎಡಬಲ

ಶಿರಸಿಯಿಂದ ದೇವಿಮನೆ ಘಟ್ಟವಿಳಿದು, ಕುಮಟೆ, ಅಂಕೋಲೆಗಳನ್ನು ದಾಟಿ ಕಾರವಾರ ತಲುಪುವಷ್ಟರಲ್ಲಿ ಬಿಸಿಲೇರಿತ್ತು. ಅಕ್ಟೋಬರ್ ತಿಂಗಳು, ಮಳೆಗಾಲದ ನಿಷೇಧ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿದು ಎರಡು ತಿಂಗಳಾಗಿದ್ದವು. ಬೈತಖೋಲ ಬಂದರಿನಲ್ಲಿ ಉಳಿದವರೆಲ್ಲ ಬಂಗುಡೆಯ ಬುಟ್ಟಿಗಳನ್ನು ಮುತ್ತಿಕೊಂಡಿದ್ದರೆ, ಘಟ್ಟದ ಮೇಲಿನವನಾದ ನಾನು ಹುಡುಕಿಕೊಂಡು ಬಂದದ್ದು ನಾಲಗೆಯಂತೆ ಚಪ್ಪಟೆಯಾದ ನಂಗು ಮೀನನ್ನು. ಅಲ್ಲಿನ ಕೊಂಕಣಿಯಲ್ಲಿ ಅದು ಲೆಪೊ.

ಮಾರುವಾಕೆಯನ್ನು ಕೇಳಿ ಒಂದನ್ನು ಅಂಗೈಯ ಮೇಲಿಟ್ಟುಕೊಂಡೆ. ಗೇಣಿಗಿಂತ ತುಸು ಗಿಡ್ಡ. ಒಂದು ಬದಿ ಕೆಸರಿನ ಕಂದು, ಮಗುಚಿದರೆ ಬಿಳಿ, ಕಣ್ಣುಗಳೆರಡೂ ಕಂದು ಬದಿಯಲ್ಲೇ. ಕಂದು ಬದಿಯೇ ಬೆನ್ನು, ಬಿಳಿಯದು ಹೊಟ್ಟೆ ಎಂದು ನಾನು ಬಹುಕಾಲ ನಂಬಿದ್ದೆ. ನಿಜದಲ್ಲಿ ಅವು ಮೀನಿನ ಎಡ ಮತ್ತು ಬಲ ಮಗ್ಗುಲುಗಳು. ಮರಿಯಾಗಿದ್ದಾಗ ನಂಗು ಕೂಡ ಇತರ ಮೀನುಗಳಂತೆ ತಲೆಯ ಎರಡೂ ಬದಿಗೆ ಒಂದೊಂದು ಕಣ್ಣಿಟ್ಟುಕೊಂಡು ನೆಟ್ಟಗೆ ಈಜುತ್ತದೆ. ಬೆಳೆಯುತ್ತ ಬಲಗಣ್ಣು ನೆತ್ತಿಯನ್ನು ದಾಟಿ ಎಡಕ್ಕೆ ಸರಿಯುತ್ತದೆ, ಆಮೇಲೆ ಮೀನು ಬಲಮಗ್ಗುಲಾಗಿ ಕೆಸರಿನಲ್ಲಿ ಮಲಗಿ, ಅಲ್ಲಿಯ ಹುಳುಹುಪ್ಪಟೆಗಳನ್ನು ತಿಂದು ಬಾಳುತ್ತದೆ.

ನಮ್ಮ ಕಡೆಯ ಸಾಮಾನ್ಯ ನಂಗಿನ ಶಾಸ್ತ್ರೀಯ ಹೆಸರು ಸೈನೋಗ್ಲಾಸಸ್ ಮ್ಯಾಕ್ರೊಸ್ಟೋಮಸ್; ಮೊದಲ ಪದಕ್ಕೆ ಗ್ರೀಕಿನಲ್ಲಿ ನಾಯಿನಾಲಗೆ ಎಂದರ್ಥ. ಈ ಕುಲದ ಮೀನುಗಳಿಗೆ ಎದೆಯ ಈಜುರೆಕ್ಕೆಗಳಿಲ್ಲ. ಬೆನ್ನಿನ, ಬಾಲದ, ಹೊಟ್ಟೆಯಡಿಯ ರೆಕ್ಕೆಗಳು ಒಂದೇ ಅಂಚಾಗಿ ಕೂಡಿಕೊಂಡಿರುತ್ತವೆ. ಒಳಜಾತಿಗಳನ್ನು ಬೇರ್ಪಡಿಸಲು ಬಣ್ಣವನ್ನಷ್ಟೇ ನೆಚ್ಚಿಕೊಂಡರೆ ಸಾಲದು, ಮೈಮೇಲಿನ ಪಾರ್ಶ್ವರೇಖೆಗಳನ್ನು ಎಣಿಸಬೇಕು: ನಾಲ್ಕು ಗೆರೆಯ ನಂಗಿಗೆ ಎರಡೂ ಮಗ್ಗುಲಲ್ಲಿ ಎರಡೆರಡು ಇದ್ದರೆ, ಇದಕ್ಕೆ ಕಂದು ಬದಿಯಲ್ಲಿ ಮಾತ್ರ ಎರಡು. ಲೋಳೆಯಿಂದ ಜಾರುವ ಮೀನಿನ ಮೇಲೆ ಗೆರೆ ಹುಡುಕುತ್ತಿದ್ದ ನನ್ನನ್ನು ಕಂಡು ಆಕೆ, "ಕೊಳ್ಳೂದಾದ್ರೆ ಕೊಳ್ಳಿ, ಸಿಪ್ಪೆ ಸುಲಿದು ಕೊಡ್ತೆ," ಎಂದು ನಕ್ಕಳು.

ಬುಟ್ಟಿಯ ತಳದಲ್ಲಿ ಅಡ್ಡಪಟ್ಟೆಗಳ ಇನ್ನೊಂದು ಚಪ್ಪಟೆ ಮೀನಿತ್ತು. ಕಣ್ಣಿನ ಬದಿ ಮೇಲಾಗಿ, ಹೊಟ್ಟೆಯಂಚು ನನ್ನ ಕಡೆಗೆ ಬರುವಂತೆ ಇಟ್ಟು ನೋಡಿದೆ. ನಂಗನ್ನು ಹೀಗಿಟ್ಟಾಗ ತಲೆ ಎಡಕ್ಕಿತ್ತು, ಇದರದು ಬಲಕ್ಕೆ. ಬಲಮಗ್ಗುಲಲ್ಲಿ ಕಣ್ಣಿರುವ ಬೇರೆಯದೇ ಕುಟುಂಬದ ಮೀನಿದು ಎಂದು ಉತ್ಸಾಹದಿಂದ ವಿವರಿಸಿದೆ.

"ಅದೂ ಲೆಪೊನೇ. ದರ ಒಂದೇ," ಎಂದಳು ಆಕೆ, ತಕ್ಕಡಿ ಎತ್ತಿಕೊಳ್ಳುತ್ತ.